ಮೂಡಲಗಿ ತಾಲೀಮಿನ ಹನ್ನೆರಡು ಡಬ್ಬಿಗಳು

ಮೂಡಲಗಿಯ ವಸ್ತಾದರ ರಕ್ತದೊತ್ತಡ ಮೂರನೇ ವಾರದಿಂದಲೇ ಏರತೊಡಗಿತ್ತು. ಅದನ್ನು ಒಪ್ಪಿಕೊಳ್ಳಲು ನನಗೆ ಆರನೇ ವಾರ ಬೇಕಾಯಿತು. ನಡುವೆ ನಾನು ಏನೇನು ನೆಪ ಹುಡುಕಿದೆ, ಯಾವ ಅಂಕಿ ಬರೆದೆ, ಆ ಮನುಷ್ಯನ ಜೀವವನ್ನು ಎಲ್ಲಿಗೆ ತಂದು ನಿಲ್ಲಿಸಿದ್ದೆ ಎನ್ನುವುದನ್ನು ಇಲ್ಲಿ ಹೇಳಿಬಿಡುತ್ತೇನೆ.

ನಾನು ಫಿಜಿಯೋಥೆರಪಿ ಕಲಿತವಳು. ಆ ವರ್ಷ ಕಾಲೇಜೊಂದರ ಅಧ್ಯಯನಕ್ಕಾಗಿ ಸ್ಕೂಟರಿನ ಮೇಲೆ ಊರೂರು ಸುತ್ತಿ ಬಿ.ಪಿ. ಅಳೆಯುವ ಕೆಲಸ ಸಿಕ್ಕಿತ್ತು. ಪ್ರಶ್ನೆ ಸರಳವಾಗಿತ್ತು. ಭಾರ ಎತ್ತುವ ಕಸರತ್ತು ಮುಗಿದ ಮೇಲೆ ಕೆಲ ಹೊತ್ತು ರಕ್ತದೊತ್ತಡ ಇಳಿಯುತ್ತದೆ. ದಿನಾ ಅಗಸೆ ಎಣ್ಣೆಯ ಗುಳಿಗೆ ನುಂಗಿದರೆ ಆ ಇಳಿತ ಇನ್ನಷ್ಟು ಹೆಚ್ಚುತ್ತದೆಯೇ? ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಹನ್ನೆರಡು ಹನ್ನೆರಡು ಮಂದಿ. ಎಲ್ಲರೂ ನಲವತ್ತೈದು ದಾಟಿದವರು, ಬಿ.ಪಿ. ಗಡಿಯಲ್ಲಿ ಇದ್ದರೂ ಅದಕ್ಕಿನ್ನೂ ಔಷಧ ಶುರುವಾಗದವರು. ಅರ್ಧ ಮಂದಿಗೆ ಅಗಸೆ ಎಣ್ಣೆ, ಉಳಿದರ್ಧ ಮಂದಿಗೆ ನೋಡಲು ಥೇಟ್ ಹಾಗೇ ಇರುವ ಸಾದಾ ಎಣ್ಣೆ. ಯಾರ ಡಬ್ಬಿಯಲ್ಲಿ ಯಾವುದಿದೆ ಎಂದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಡಬ್ಬಿಯ ಮೇಲೆ ಹೆಸರು, ಒಂದು ನಂಬರು. ಆ ನಂಬರುಗಳ ಗುಟ್ಟು ಅಧ್ಯಯನ ನಡೆಸುತ್ತಿದ್ದ ನಮ್ಮ ಸರ್ ಅವರ ಕಪಾಟಿನಲ್ಲಿ, ಮುಚ್ಚಿದ ಲಕೋಟೆಯಲ್ಲಿತ್ತು.

ಮೊದಲ ಜಗಳ ಆದದ್ದು ಚಟ್ನಿಗೆ. ಎಂಟು ವಾರ ಯಾರೂ ಅಗಸೆ ಚಟ್ನಿ ತಿನ್ನಬಾರದು, ತಿಂದರೆ ಲೆಕ್ಕ ಕೆಡುತ್ತದೆ ಎಂದೆ. ಹುಕ್ಕೇರಿಯ ಗುಂಪಿನಲ್ಲಿದ್ದ ಅಂಗನವಾಡಿ ಅಕ್ಕಾರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಲ್ರೀ, ಅಗಸಿ ಚಟ್ನಿ ಬಿಡ್ರಿ ಅಂತೀರಿ, ಅಗಸಿ ಎಣ್ಣಿ ನುಂಗ್ರಿ ಅಂತೀರಿ. ನಿಮ್ಮ ಸರ್‌ಗ ಯಾರರ ರೊಟ್ಟಿ ಬಡದು ಹಾಕ್ತಾರೇನು ಇಲ್ಲೋ?" ನನ್ನ ತವರು ಅಲ್ಲೇ ಹತ್ತಿರದ ಬೆಲ್ಲದ ಬಾಗೇವಾಡಿ, ಅವರ ಸಂಕಟ ನನಗೆ ತಿಳಿಯದ್ದೇನಲ್ಲ. ಶೇಂಗಾ ಚಟ್ನಿಗೆ ರಾಜಿಯಾಯಿತು.

ಮೂಡಲಗಿಯಲ್ಲಿ ನಮಗೆ ಜಾಗ ಕೊಟ್ಟವರು ವಸ್ತಾದರು, ಅಂದರೆ ಅಲ್ಲಿಯ ತಾಲೀಮಿನಲ್ಲಿ ಕುಸ್ತಿ ಕಲಿಸುವ ಗುರುಗಳು. ಐವತ್ತಾರರ ವಯಸ್ಸು, ಗೂಳಿಯಂಥ ಕತ್ತು, ದನಿ ಮಾತ್ರ ಬಲು ಮೆತ್ತಗೆ. ಅವರು ಬರ್ರಿ ಅಂದರೆ ಉಳಿದ ಹನ್ನೊಂದು ಮಂದಿ ಬರುತ್ತಾರೆ, ಬ್ಯಾಡ ಅಂದರೆ ಹನ್ನೊಂದು ಮಂದಿಯೂ ಮನೆಯಲ್ಲಿ ಕೂರುತ್ತಾರೆ. ಅವರದು ಒಂದೇ ಷರತ್ತು: ಕೆಂಪು ಮಣ್ಣಿನ ಅಖಾಡಕ್ಕೆ ಹೆಣ್ಣುಮಕ್ಕಳು ಕಾಲಿಡುವ ಪದ್ಧತಿ ಇಲ್ಲ. ನನ್ನ ಮೇಜು, ಯಂತ್ರ, ರಿಜಿಸ್ಟರು ಎಲ್ಲ ಹೊರಗಿನ ಕಟ್ಟೆಯ ಮೇಲೆ. ನನಗೆ ಒಳಗೊಳಗೇ ಮೈ ಉರಿಯಿತು. ಆದರೆ ಜಾಗ ಅವರದು, ಕೆಲಸ ನನ್ನದು. ಬಾಗಿಲ ಹೊರಗೆ ನಿಂತೇ ಕಸರತ್ತು ಹೇಳಿಕೊಟ್ಟೆ.

ಮಂಗಳವಾರ ಮತ್ತು ಶುಕ್ರವಾರ ಸಂಜೆ ಮೂಡಲಗಿ. ಬಂದವರನ್ನು ಹತ್ತು ನಿಮಿಷ ಕಟ್ಟೆಯ ಮೇಲೆ ಸುಮ್ಮನೆ ಕೂರಿಸುವುದು. ಚಹಾ ಇಲ್ಲ, ಮಾತಿಲ್ಲ, ಕಾಲ ಮೇಲೆ ಕಾಲಿಲ್ಲ. ತೋಳಿಗೆ ಪಟ್ಟಿ ಸುತ್ತಿ ಒಂದೊಂದು ನಿಮಿಷ ಬಿಟ್ಟು ಮೂರು ಸಲ ಅಳೆಯುವುದು, ಮೊದಲನೆಯದನ್ನು ಬಿಟ್ಟು ಉಳಿದೆರಡರ ಸರಾಸರಿ ಬರೆಯುವುದು. ಆಮೇಲೆ ಉಸುಕಿನ ಚೀಲ ಎತ್ತುವ ಕಸರತ್ತು. ಅದು ಮುಗಿದ ಮೇಲೆ ಕಾಲು ತಾಸಿಗೊಮ್ಮೆ, ಒಂದು ತಾಸಿನವರೆಗೆ ಮತ್ತೆ ಅಳತೆ. ಭಾರ ಇಳಿಸಿದ ಮೇಲೂ ಯಾರ ಮೇಲಿನ ಅಂಕಿಯಾದರೂ 180 ದಾಟಿದರೆ ಅವರ ಕಸರತ್ತು ಅಲ್ಲಿಗೇ ಬಂದ್, ಸರ್‌ಗೆ ಫೋನು, ರೋಗಿ ಡಾಕ್ಟರ ಬಳಿಗೆ. ಈ ನಿಯಮವನ್ನು ನಾನೇ ದುಂಡಗೆ ಬರೆದು ರಿಜಿಸ್ಟರಿನ ಒಳಬದಿಗೆ ಅಂಟಿಸಿದ್ದೆ.

ಮೊದಲ ವಾರ ವಸ್ತಾದರದು 136. ಮೂರನೇ ವಾರ, ಕಸರತ್ತು ಮುಗಿದು ಅರ್ಧ ತಾಸಾದ ಮೇಲೆ 164. ಉಸಿರು ಕಟ್ಟಿ ಎತ್ತುತ್ತಿದ್ದಾರೆ ಅಂದುಕೊಂಡೆ. ಪೈಲ್ವಾನರಿಗೆ ಅದೊಂದು ಚಟ, ಹಲ್ಲು ಕಚ್ಚಿ ಉಸಿರು ಹಿಡಿದೇ ಭಾರ ಎತ್ತುತ್ತಾರೆ. ಒತ್ತಡ ಸರ್ರನೆ ಏರುತ್ತದೆ. ಬಾಯಿಬಿಟ್ಟು ಎಣಿಸುತ್ತಾ ಎತ್ತಿ ಎಂದೆ. ಅವರು ಇಡೀ ಓಣಿಗೆ ಕೇಳುವಂತೆ ಎಣಿಸಿದರು. ಮುಂದಿನ ವಾರ 170.

ಆಮೇಲೆ ಯಂತ್ರದ ಮೇಲೆ ಅನುಮಾನ ಬಂತು. ಗೋಕಾಕದಿಂದ ಇನ್ನೊಂದು ಯಂತ್ರ ತಂದೆ, ಎರಡೂ ಒಂದೇ ಮಾತು ಹೇಳಿದವು. ಪಟ್ಟಿಯ ಮೇಲೆ ಅನುಮಾನ ಬಂತು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಅಂಕಿ ಸುಳ್ಳೇ ಮೇಲೆ ಹೋಗುತ್ತದೆ, ಇದು ಪುಸ್ತಕದಲ್ಲಿರುವ ಮಾತು. ವಸ್ತಾದರ ತೋಳೋ, ನನ್ನ ತೊಡೆಯಷ್ಟು ದಪ್ಪ. ಸದ್ಯ, ಕಾರಣ ಸಿಕ್ಕಿತು ಎಂದು ದೊಡ್ಡ ಪಟ್ಟಿಗೆ ಹೇಳಿಕಳಿಸಿ, ಅದು ಬರುವವರೆಗೆ ನೆಮ್ಮದಿಯಾಗಿದ್ದೆ.

ಐದನೇ ವಾರ ಸರ್ ಫೋನು ಮಾಡಿದರು. "ಮೂಡಲಗಿ ಹೆಂಗ ನಡದೈತಿ?"

"ವಸ್ತಾದರದು ಸ್ವಲ್ಪ ಮ್ಯಾಲ ಬರಾಕತ್ತೈತಿ ಸರ್. ದೊಡ್ಡ ಪಟ್ಟಿ ಬಂದ್ರ ಸರಿಹೋಗಬಹುದು."

"ನೋಡವಾ, ಅವರು ಬಿಟ್ರ ಅಲ್ಲಿ ಯಾರೂ ಉಳಿಯೂದಿಲ್ಲ. ಒಂದು ಸೆಂಟರ್ ಹೋತಂದ್ರ ಇಡೀ ಸ್ಟಡಿ ಕುಂತಂಗ. ಸರಿಯಾಗಿ ನೋಡಿ ಅಳತಿ ಮಾಡು."

ಅವರು ಸರಿಯಾಗಿ ನೋಡು ಎಂದಷ್ಟೇ ಹೇಳಿದ್ದರು. ನಾನು ನನಗೆ ಬೇಕಾದ ಅರ್ಥ ಮಾಡಿಕೊಂಡೆ.

ಆರನೇ ವಾರದ ಮಂಗಳವಾರ ದೊಡ್ಡ ಪಟ್ಟಿ ಕೈಯಲ್ಲಿತ್ತು. ಕಸರತ್ತು ಮುಗಿದು ಅರ್ಧ ತಾಸಿಗೆ ಅದನ್ನೇ ಸುತ್ತಿದೆ. ಯಂತ್ರ ಬುಸ್ಸೆಂದು ಗಾಳಿ ಬಿಟ್ಟು 192 ತೋರಿಸಿತು.

"ಎಷ್ಟೈತ್ರಿ ಡಾಕ್ಟರ್‌ಬಾಯಾರ?" ಎಂದರು ವಸ್ತಾದರು. ನಾನು ಡಾಕ್ಟರಲ್ಲ ಎಂದು ಹೇಳಿ ಹೇಳಿ ಸಾಕಾಗಿತ್ತು.

"ಮಾತಾಡಬ್ಯಾಡ್ರಿ. ಇನ್ನೊಮ್ಮೆ ನೋಡ್ತೇನಿ."

192. ಇನ್ನೊಮ್ಮೆ, ಮತ್ತೆ 192. ಅಲ್ಲಿಗೆ ಮೂರಾಯಿತು, ನಿಯಮದ ಪ್ರಕಾರ ಅಲ್ಲಿಗೆ ಮುಗಿಯಿತು. ನಾನು ನಾಲ್ಕನೆಯ ಸಲ ಗುಂಡಿ ಒತ್ತಿದೆ, 184. ಐದನೆಯ ಸಲ 178. ನಾನು 178 ಬರೆದೆ. ಕಣ್ಣು ತೆರೆದುಕೊಂಡೇ ಬರೆದೆ, ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. "ಭಾರ ಎತ್ತಿದ ಮ್ಯಾಲ ರಕ್ತ ಬಿಸಿ ಇರ್ತೈತ್ರಿ, ತಾನ ಆರತೈತಿ" ಎಂದು ನಕ್ಕರು ವಸ್ತಾದರು. ಹಾಗೆ ನಗುತ್ತಲೇ ಹಿಂದಲೆ ಒತ್ತಿಕೊಂಡಿದ್ದನ್ನು ನೋಡಿದೆ, ನೋಡಿಯೂ ಕೇಳಲಿಲ್ಲ.

ಅವತ್ತೇ ಎಲ್ಲರ ಹಳೆಯ ಡಬ್ಬಿ ವಾಪಸು ಪಡೆದು ಹೊಸ ಡಬ್ಬಿ ಕೊಟ್ಟು ಬಂದೆ. ಉಳಿದ ಗುಳಿಗೆ ಎಣಿಸುವುದೂ ನನ್ನದೇ ಕೆಲಸ. ಎಷ್ಟು ಉಳಿದಿವೆ ಎಂಬುದರ ಮೇಲೆ ಎಷ್ಟು ನುಂಗಿದ್ದಾರೆ ಎಂದು ಗೊತ್ತಾಗುತ್ತದೆ.

ಮರುದಿನ ಬುಧವಾರ ಬೆಳಿಗ್ಗೆ ಹುಕ್ಕೇರಿ. ಅಲ್ಲಿಯವರನ್ನು ಹತ್ತು ನಿಮಿಷ ಸುಮ್ಮನೆ ಕೂರಿಸಿದ ಹೊತ್ತಿನಲ್ಲಿ ಮೂಡಲಗಿಯ ಡಬ್ಬಿಗಳನ್ನು ಬಿಚ್ಚಿದೆ. ಮೊದಲನೆಯದರಲ್ಲಿ ಹದಿನಾಲ್ಕು. ಎರಡನೆಯದರಲ್ಲಿ ಹದಿನಾಲ್ಕು. ಮೂರು, ನಾಲ್ಕು, ಐದು, ಎಲ್ಲದರಲ್ಲೂ ಹದಿನಾಲ್ಕು. ಗೋಕಾಕದವರಲ್ಲಿ ಒಬ್ಬ ಮರೆತಿರುತ್ತಾನೆ, ಒಬ್ಬಳು ಎರಡರ ಬದಲು ಮೂರು ನುಂಗಿರುತ್ತಾಳೆ. ಯಾವ ಎರಡು ಡಬ್ಬಿಯೂ ಒಂದೇ ಸಮ ಬಂದದ್ದಿಲ್ಲ. ಇವರದು ಹನ್ನೆರಡಕ್ಕೆ ಹನ್ನೆರಡೂ ಸಮ. ಅದರಲ್ಲೂ ಆ ಗುಂಪಿನ ಟೇಲರ್ ಕಾಕಾ ಕಣಗಲಾಕ್ಕೆ ಮದುವೆಗೆ ಹೋಗಿ ನಾಲ್ಕು ದಿನ ಊರಲ್ಲೇ ಇರಲಿಲ್ಲ, ಡಬ್ಬಿ ಬಿಟ್ಟುಹೋಗಿದ್ದೆ ಎಂದು ಅವರೇ ಹೇಳಿದ್ದರು. ಅವರದರಲ್ಲಿ ಎಂಟಾದರೂ ಹೆಚ್ಚಿರಬೇಕಿತ್ತು. ಇದೇನಪ್ಪಾ ಎಂದು ತಲೆ ಕೆರೆದುಕೊಂಡೆ.

ಅಷ್ಟರಲ್ಲಿ ಔಷಧ ಅಂಗಡಿ ಇಟ್ಟಿರುವ ಕಾಕಾ ಅಳತೆಗೆ ಬಂದು ಕೂತರು. ಅವರೂ ಹುಕ್ಕೇರಿ ಗುಂಪಿನವರೇ, ಮಾತಿಗೆ ಕೂತರೆ ಏಳದವರು.

"ಮೇಡಂ, ಒಂದು ಖರೆ ಹೇಳ್ರಿ. ಈ ಎಣ್ಣಿ ನುಂಗಿದ್ರ ಬಿ.ಪಿ. ಗುಳಿಗಿ ಬಿಡಬಹುದೇನು?"

"ಯಾರು ಹೇಳಿದ್ರು ಹಂಗಂತ?"

"ನನ್ನ ಒಬ್ಬ ಗಿರಾಕಿ ಬಿಟ್ಟಾರರೀ. ಮೂಡಲಗಿ ಪೈಲ್ವಾನ್ರು, ತಾಲೀಮಿನ ವಸ್ತಾದ್ರು. ಮಗಳನ್ನ ಇಲ್ಲೇ ಕೊಟ್ಟಾರ ನೋಡ್ರಿ, ತಿಂಗಳಿಗೊಮ್ಮೆ ಬಂದಾಗ ಬಿ.ಪಿ. ಗುಳಿಗಿ ಒಯ್ತಿದ್ರು. ಹ್ವಾದ ತಿಂಗಳ ಬಂದಾಗ, ಈಗ ಬ್ಯಾಡ್ರಿ, ಕಾಲೇಜಿನವ್ರು ಎಣ್ಣಿ ಗುಳಿಗಿ ಕೊಟ್ಟಾರ ಅಂದ್ರು."

ಮೊದಲ ವಾರದ 136 ಔಷಧದ ಬಲದಿಂದ ಬಂದ ಅಂಕಿ. ನಮ್ಮ ಡಬ್ಬಿ ಕೈಗೆ ಬಂದ ದಿನವೇ ಅವರು ಔಷಧ ಬಿಟ್ಟಿದ್ದಾರೆ. ಅವರ ಡಬ್ಬಿಯಲ್ಲಿ ಸಾದಾ ಎಣ್ಣೆ ಇದ್ದರೂ ಇರಬಹುದು. ಅಗಸೆ ಎಣ್ಣೆಯೇ ಇದ್ದರೂ ಅದು ಆ ಔಷಧದ ಜಾಗಕ್ಕೆ ಬರುವುದಿಲ್ಲ. ಅಂಥವರ ಕೈಯಲ್ಲಿ ವಾರಕ್ಕೆರಡು ದಿನ ಉಸುಕಿನ ಚೀಲ ಎತ್ತಿಸಿದ್ದೇನೆ. ನಿನ್ನೆ 178 ಬರೆದಿದ್ದೇನೆ.

ವಸ್ತಾದರಿಗೆ ಫೋನು ಹಚ್ಚಿದೆ, ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹಚ್ಚಿದೆ, ಎತ್ತಲಿಲ್ಲ. ಹುಕ್ಕೇರಿಯವರ ಕಡೆಯ ಅಳತೆ ಮುಗಿಸುವ ಹೊತ್ತಿಗೆ ಮಧ್ಯಾಹ್ನ. ಊಟದ ಡಬ್ಬಿಯನ್ನು ಬಿಚ್ಚದೇ ಸ್ಕೂಟರು ಹತ್ತಿದೆ. ಕಬ್ಬಿನ ಹಂಗಾಮು, ಗೋಕಾಕದವರೆಗೆ ಮುಂದೊಂದು ಟ್ರ್ಯಾಕ್ಟರು, ಅದರ ಹಿಂದೆ ಎರಡು ಟ್ರೇಲರು, ಹಾರನ್ನು ಕೇಳಲೊಲ್ಲದ ಡ್ರೈವರು. ಬಾಯಿಗೆ ಬಂದಂತೆ ಬೈದೆ. ನಡುನಡುವೆ ನಿಲ್ಲಿಸಿ ಮತ್ತೆ ಮೂರು ಸಲ ಫೋನು ಹಚ್ಚಿದೆ. ಬುಧವಾರ ಅವರಿಗೆ ನಮ್ಮ ಕಸರತ್ತು ಇಲ್ಲ, ಆದರೆ ತಾಲೀಮಿನವರಿಗೆ ರಜೆ ಎಂಬುದೇ ಇಲ್ಲ. ನಾನು ಹೇಳಿಕೊಟ್ಟ ಚೀಲ ಅವರಿಗೆ ಎಷ್ಟು ಹಿಡಿಸಿತ್ತೆಂದರೆ ದಿನಾ ಎತ್ತುತ್ತೇವೆ ಎಂದು ಹೆಮ್ಮೆಯಿಂದ ಹೇಳಿದ್ದರು. ಅದನ್ನಾದರೂ ಅಂದೇ ತಡೆಯಬೇಕಿತ್ತು.

ತಾಲೀಮಿನ ಮುಂದೆ ಸ್ಕೂಟರು ನಿಲ್ಲಿಸಿದಾಗ ಒಳಗಿಂದ ಎಣಿಸುವ ದನಿ ಕೇಳಿತು. ಬಾಗಿಲಿಗೆ ಬಂದು ನೋಡಿದೆ. ಒಂದು ಕಡೆ ಹಿತ್ತಾಳೆಯ ಅಗಲ ಪರಾತ ಇಟ್ಟುಕೊಂಡು ಟೇಲರ್ ಕಾಕಾ ಮತ್ತು ನಿವೃತ್ತ ಮಾಸ್ತರರು ಕೂತಿದ್ದರು. ನಾನು ನಿನ್ನೆ ಕೊಟ್ಟ ಹನ್ನೆರಡೂ ಹೊಸ ಡಬ್ಬಿಗಳ ಗುಳಿಗೆಯನ್ನು ಪರಾತಕ್ಕೆ ಸುರುವಿ, ಅವಲಕ್ಕಿ ಕಲಸಿದಂತೆ ಎರಡೂ ಕೈಯಲ್ಲಿ ಕಲಸಿ, ಎಣಿಸಿ ಎಣಿಸಿ ಮತ್ತೆ ಡಬ್ಬಿಗೆ ತುಂಬುತ್ತಿದ್ದರು. ಉಳಿದವರು ಗೋಡೆಗೆ ಸಾಲಾಗಿ ಕೂತಿದ್ದರು. ನಡುವೆ ಕೆಂಪು ಮಣ್ಣಿನ ಮೇಲೆ ವಸ್ತಾದರು, ಹೆಗಲ ಮೇಲೆ ಚೀಲ. ಮುಖ ಮಣ್ಣಿಗಿಂತ ಕೆಂಪಾಗಿತ್ತು.

ಚಪ್ಪಲಿ ಬಿಟ್ಟು ಒಳಗೆ ಹೋದೆ. ಪದ್ಧತಿ ನೆನಪಾದದ್ದು ಕಾಲಿಗೆ ಮಣ್ಣು ತಾಗಿದ ಮೇಲೆಯೇ.

"ವಸ್ತಾದ್ರ, ಚೀಲ ಇಳಸ್ರಿ."

"ಇನ್ನ ಐದ ಅದಾವ್ರಿ."

"ಇಳಸ್ರಿ ಅಂದ್ನೆಲ್ಲಾ!" ನನ್ನ ದನಿ ನನಗೇ ಪರಕೀಯವಾಗಿ ಕೇಳಿತು. ಅವರು ಚೀಲ ಇಳಿಸಿ ನನ್ನನ್ನೇ ನೋಡುತ್ತ ನಿಂತರು. ಗೋಡೆಗೆ ಆನಿಸಿ ಕೂರಿಸಿದೆ. ಪಾರ್ಶ್ವವಾಯು ಹೊಡೆದಿದೆಯೇ ಎಂದು ನೋಡಿದೆ: ಮುಖ ಸೊಟ್ಟಾಗಿಲ್ಲ, ಎರಡೂ ಕೈ ಎತ್ತಿದರು, ಮಾತು ತೊದಲಲಿಲ್ಲ. ತಲೆನೋವಿದೆಯೇ ಎಂದೆ. ಎಂಟು ದಿನದಿಂದ ಇದೆ, ಬೆಳಗಿನಿಂದ ಕಣ್ಣು ಮಬ್ಬು ಎಂದರು. ಫೋನು ಮನೆಯಲ್ಲೇ ಬಿಟ್ಟಿದ್ದರಂತೆ. ಹತ್ತು ನಿಮಿಷ ಕಾದು ದೊಡ್ಡ ಪಟ್ಟಿ ಸುತ್ತಿದೆ. 214, ಕೆಳಗೆ 126. ಇನ್ನೊಂದು ತೋಳಿನಲ್ಲಿ 212.

ಸರ್‌ಗೆ ಫೋನು ಹಚ್ಚಿದೆ. ಅವರು ಒಂದು ಕ್ಷಣವೂ ತಡಮಾಡಲಿಲ್ಲ. "ನಂಬರ್ ಹೇಳು, ಲಕೋಟೆ ಒಡೀತೇನಿ. ಅವರು ಯಾವ ಎಣ್ಣಿ ಮ್ಯಾಲ ಅದಾರ ಅಂತ ಡಾಕ್ಟರಿಗೆ ಹೇಳಬೇಕಾಗತೈತಿ."

ನಾನು ಪರಾತದ ಕಡೆ ನೋಡಿದೆ. "ಲಕೋಟಿ ಒಡದು ಉಪಯೋಗಿಲ್ಲ ಸರ್. ಎಲ್ಲಾ ಕಲಸ್ಯಾರ."

"ಕಲಸ್ಯಾರ ಅಂದ್ರ?"

ಮಾಸ್ತರರೇ ಎದ್ದು ನಿಂತು ಉತ್ತರ ಕೊಟ್ಟರು, ಫೋನಿಗೂ ಕೇಳುವಂತೆ. "ಮೊದಲನೇ ದಿನ ನೀವ ಓದಿ ಹೇಳಿದ್ರೆಲ್ಲಾರೀ, ಅರ್ಧಾ ಮಂದಿಗೆ ಖರೇದು, ಅರ್ಧಾ ಮಂದಿಗೆ ಸಾದಾ ಅಂತ. ಒಂದ ಸಾಲಿನ್ಯಾಗ ಕುಂತವ್ರಿಗೆ ಒಬ್ಬನ ಎಲಿಗೆ ತುಪ್ಪ, ಒಬ್ಬನ ಎಲಿಗೆ ನೀರು ಬಡಸೂದು ಯಾವ ನ್ಯಾಯರೀ? ಪಂಕ್ತಿಭೇದ ಆಗೂದಿಲ್ಲೇನು? ಅದಕ್ಕ ಎಲ್ಲಾ ಕೂಡಿಸಿ ಸಮಾ ಹಂಚಿಕೊಂಡೇವಿ. ತಿರುಗಿ ಕೊಡೂ ಮುಂದನೂ ಸಮಾ ಮಾಡೇ ಕೊಟ್ಟೇವಿ, ನಿಮ್ಮ ಲೆಕ್ಕ ತಪ್ಪಬಾರ್ದಂತ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸರ್ ಆ ಕಡೆಯಿಂದ, "ಮೊದಲ ಆ ಮನುಷ್ಯಾನ್ನ ದವಾಖಾನಿಗಿ ಒಯ್ಯಿ" ಎಂದು ಫೋನಿಟ್ಟರು.

ಒಯ್ಯುವುದೇ ಕಷ್ಟವಾಯಿತು. "ಏ, ದವಾಖಾನಿ ಯಾಕ್ರಿ?" ಎಂದರು ವಸ್ತಾದರು. "ಎಲ್ಲಾರೂ ನುಂಗಿದ್ದ ನಾನೂ ನುಂಗೇನಿ. ಅವರಿಗಿಲ್ಲದ್ದು ನನಗ ಏನ ಆಗೇತಿ? ನಿನ್ನಿ ನೀವ ನೋಡಿ ಬರಕೊಂಡು ಹೋಗೀರಿ. ಹೆಚ್ಚಿಗಿ ಇದ್ದಿದ್ರ ನಿನ್ನೇನ ಹೇಳ್ತಿದ್ದಿಲ್ಲೇನು?"

ಹನ್ನೊಂದು ಮಂದಿ ನನ್ನ ಮುಖ ನೋಡುತ್ತಿದ್ದರು. ಅವರ ಔಷಧದ ವಿಷಯ ಎತ್ತಿದರೆ ಕೂಡಲೇ ಏಳುತ್ತಿದ್ದರೇನೋ, ಆದರೆ ಅವರು ಮುಚ್ಚಿಟ್ಟದ್ದನ್ನು ಅಷ್ಟೂ ಜನರ ಎದುರು ಬಿಚ್ಚಲು ಬಾಯಿ ಬರಲಿಲ್ಲ. ಬಿಚ್ಚಬೇಕಾದದ್ದು ನನ್ನದೂ ಒಂದಿತ್ತು. ಸ್ಕೂಟರಿನಿಂದ ರಿಜಿಸ್ಟರು ತಂದು ಅವರ ಮುಂದೆ ತೆರೆದೆ.

"ನಿನ್ನಿ ನಿಮ್ಮದು 192 ಬಂದಿತ್ರಿ. 180 ದಾಟಿದ್ರ ನಿಲ್ಲಸಬೇಕು ಅನ್ನೂದು ಎಲ್ಲಾರಿಗೂ ಒಂದ ನಿಯಮ. ನಿಮ್ಮನ್ನ ತಗದ್ರ ಈ ತಾಲೀಮ ಕೈಬಿಟ್ಟು ಹೊಕ್ಕೈತಿ ಅಂತ ಹೆದರಿ ನಾನು ಮತ್ತ ಮತ್ತ ಅಳದು 178 ಬರದೇನಿ. ಟೇಲರ್ ಕಾಕಾಂದು ಬಂದಿದ್ರ ಅಲ್ಲೇ ನಿಲ್ಲಸ್ತಿದ್ದೆ. ನಿಮಗೊಬ್ಬರಿಗೆ ಬ್ಯಾರೆ ಬಡಸೇನಿ ವಸ್ತಾದ್ರ. ಪಂಕ್ತಿಭೇದ ಮಾಡಿದಾಕಿ ನಾನು."

ವಸ್ತಾದರು ಆ ಅಂಕಿಯನ್ನು ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಅವರು ಗೋಡೆ ಹಿಡಿದು ಎದ್ದು ಅಂಗಿ ತೊಟ್ಟರು. "ಮಾಸ್ತರ, ಗಾಡಿ ತಗೀರಿ" ಎಂದರು, ಅಷ್ಟೇ.

ಗೋಕಾಕದ ದವಾಖಾನೆಗೆ ಮಾಸ್ತರರ ಕಾರಿನಲ್ಲಿ ಹೋದೆವು. ಹಿಂದಿನ ಸೀಟಿನಲ್ಲಿ ಅವರ ಪಕ್ಕ ಕೂತು ಕಾಲು ತಾಸಿಗೊಮ್ಮೆ ಅಳೆದೆ. ದಾರಿಯಲ್ಲಿ ತಾವಾಗಿಯೇ ಮೆಲ್ಲಗೆ ಹೇಳಿದರು. "ಹುಕ್ಕೇರಿ ಅಂಗಡಿಯಿಂದ ಗುಳಿಗಿ ತರ್ತಿದ್ದೆರೀ. ಮೂಡಲಗ್ಯಾಗ ತಗೊಂಡ್ರ ಮಂದಿಗೆ ಗೊತ್ತಾಗತೈತಿ. ವಸ್ತಾದಗ ಬಿ.ಪಿ. ಐತಿ ಅಂದ್ರ ಯಾರ ತಮ್ಮ ಮಕ್ಕಳನ್ನ ತಾಲೀಮಿಗೆ ಕಳಸ್ತಾರ?" ಡಾಕ್ಟರಿಗೂ ಇದನ್ನೇ ಹೇಳಿ ಎಂದೆ. ಹೇಳಿದರು.

ಡಾಕ್ಟರು ಕಣ್ಣೊಳಗೆ ಬೆಳಕು ಬಿಟ್ಟು ನೋಡಿ, ಸಣ್ಣ ರಕ್ತನಾಳಗಳು ಒಡೆದಿವೆ, ಮೂತ್ರಪಿಂಡಕ್ಕೂ ಪೆಟ್ಟು ಬಿದ್ದಿದೆ ಎಂದರು. ನನ್ನನ್ನು ಹೊರಗೆ ಕರೆದು ಕೇಳಿದರು, "ಎಷ್ಟು ದಿನದಿಂದ ಮ್ಯಾಲ ಇತ್ತು?" ಮೂರು ವಾರ ಎಂದೆ. "ಮತ್ತ ನೀವು ಅಳೀತಿದ್ರೆಲ್ಲಾ?" ಅಂದರು. ಇನ್ನೆರಡು ದಿನ ಚೀಲ ಎತ್ತಿದ್ದರೆ ಇಲ್ಲಿಗೆ ಕರೆತರುವ ಪ್ರಸಂಗವೇ ಬರುತ್ತಿರಲಿಲ್ಲ ಎಂದು ಹೇಳಿ ಒಳಗೆ ಹೋದರು.

ಮರುದಿನ ರಿಜಿಸ್ಟರಿನಲ್ಲಿ 178ಕ್ಕೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಬಂದ ಐದೂ ಅಂಕಿ ಬರೆದು, ಸಹಿ ಹಾಕಿ, ಸರ್ ಮೇಜಿನ ಮೇಲಿಟ್ಟೆ. ಅವರು ಬಹಳ ಬೈದರು. ಬೈಯಬೇಕಾದದ್ದೇ. ಮೂಡಲಗಿಯ ಅಷ್ಟೂ ಅಂಕಿಗಳು ಅಧ್ಯಯನದಿಂದ ಹೊರಬಿದ್ದವು. ಉಳಿದೆರಡು ಊರಿನ ಲೆಕ್ಕದಿಂದ ಅಗಸೆ ಎಣ್ಣೆಯ ಬಗ್ಗೆ ಹೀಗೇ ಎಂದು ಹೇಳಲು ಆಗುವುದಿಲ್ಲ ಎಂದು ವರದಿಯಾಯಿತು.

ವಸ್ತಾದರು ಮನೆಗೆ ಬಂದು ತಿಂಗಳಾದ ಮೇಲೆ, ಅಧ್ಯಯನ ಮುಗಿದ ಸುದ್ದಿ ಹೇಳಿ ಬರಲು ಮೂಡಲಗಿಗೆ ಹೋದೆ. ಸಣ್ಣಗಾಗಿದ್ದರು. ಬಲಗಣ್ಣು ಇನ್ನೂ ಮಬ್ಬು ಎಂದರು. ಅಳೆದೆ, 138. ಹನ್ನೊಂದು ಮಂದಿಯೂ ಸುತ್ತ ಕೂತಿದ್ದರು. ವಸ್ತಾದರು ಕಿಸೆಯಿಂದ ಬಿ.ಪಿ. ಗುಳಿಗೆಯ ಪಟ್ಟಿ ತೆಗೆದು, ಎಲ್ಲರಿಗೂ ಕಾಣುವಂತೆ ಒಂದನ್ನು ಅಂಗೈಗೆ ಬಿಡಿಸಿಕೊಂಡು ನುಂಗಿ ನೀರು ಕುಡಿದರು. "ಇದು ನಂದು. ನಾಕ ವರ್ಷ ಆತು" ಎಂದರು.

ಟೇಲರ್ ಕಾಕಾ ಬನಿಯನ್ನಿನ ಒಳಕಿಸೆಗೆ ಕೈಹಾಕಿ ಅಂಥದೇ ಒಂದು ಪಟ್ಟಿ ತೆಗೆದರು. ಮಾಸ್ತರರು ಕನ್ನಡಕದ ಡಬ್ಬಿ ತೆರೆದರು, ಅದರೊಳಗಿತ್ತು. ಮೂಲೆಯಿಂದ ಇನ್ನೊಬ್ಬರು, ಬಾಗಿಲ ಬಳಿಯಿಂದ ಮತ್ತೊಬ್ಬರು. ಹನ್ನೆರಡು ಮಂದಿಯಲ್ಲಿ ಐವರು. "ಬಿ.ಪಿ. ಔಷಧ ತೆಗೆದುಕೊಳ್ಳುತ್ತೀರಾ?" ಎಂಬ ಪ್ರಶ್ನೆಯನ್ನು ಮೊದಲ ದಿನ ನಾನು ಅವರೆಲ್ಲರಿಗೂ ಕೇಳಿದ್ದೆ. ಕಟ್ಟೆಯ ಮೇಲೆ ಸಾಲಾಗಿ ಕೂರಿಸಿ, ಎಲ್ಲರೆದುರು, ಗಟ್ಟಿಯಾಗಿ ಕೇಳಿದ್ದೆ. ಹನ್ನೆರಡೂ ಅರ್ಜಿಗಳಲ್ಲಿ 'ಇಲ್ಲ' ಎಂದು ಬರೆದವಳು ನಾನೇ.